ಬಿರುಗಾಳಿಯಲ್ಲಿ ವಿಮಾನ ಇಳಿಸುವುದು ಯಂತ್ರವೇ, ಪೈಲಟ್ಟೇ?

ವಿಮಾನವನ್ನು ತಾನಾಗಿಯೇ ನೆಲಕ್ಕಿಳಿಸುವ ಸ್ವಯಂಚಾಲಿತ ವ್ಯವಸ್ಥೆ ಮುಖ್ಯವಾಗಿ ಮಂಜಿಗಾಗಿ ರೂಪುಗೊಂಡಿದೆ, ಬಿರುಗಾಳಿಗಾಗಿ ಅಲ್ಲ. ರನ್‌ವೇ ಕಣ್ಣಿಗೆ ಕಾಣದಿದ್ದಾಗ ಅದು ನೆಲದಿಂದ ಬರುವ ರೇಡಿಯೊ ಸಂಕೇತಗಳನ್ನು ಅನುಸರಿಸುತ್ತದೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇಯಲ್ಲಿ ಅಳವಡಿಸಿರುವ ಕ್ಯಾಟ್-3ಬಿ ಸೌಲಭ್ಯದ ಉದ್ದೇಶವೂ ಇದೇ.

ಅಡ್ಡಗಾಳಿಯ ಮಾತು ಬೇರೆ. ಏರ್‌ಬಸ್ ಎ320 ವಿಮಾನದಲ್ಲಿ ಸ್ವಯಂಚಾಲಿತ ಇಳಿಕೆಗೆ ಅಡ್ಡಗಾಳಿಯ ಮಿತಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ಪೈಲಟ್ ಕೈಯಾರೆ ಇಳಿಸಿದರೆ, ರಭಸದ ಬೀಸೂ ಸೇರಿದಂತೆ 38 ನಾಟ್‌ವರೆಗಿನ ಗಾಳಿಯಲ್ಲಿ ಇಳಿಸಬಹುದೆಂದು ಪರೀಕ್ಷೆಗಳಲ್ಲಿ ತೋರಿಸಲಾಗಿದೆ. ವಿಮಾನದ ಮೂತಿಯನ್ನು ಗಾಳಿಯತ್ತ ತಿರುಗಿಸಿಕೊಂಡು ಬಂದು, ಚಕ್ರ ನೆಲ ಮುಟ್ಟುವ ಮುನ್ನ ರನ್‌ವೇಗೆ ನೇರಗೊಳಿಸುವುದು ಪೈಲಟ್‌ನ ಕೌಶಲ.

ಆದರೆ ಕೌಶಲದಷ್ಟೇ ನಿರ್ಧಾರವೂ ಮುಖ್ಯ. 2010ರ ಮೇ 22ರಂದು ಮಂಗಳೂರಿನಲ್ಲಿ ಗಾಳಿ ಶಾಂತವಾಗಿತ್ತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಹೆಚ್ಚು ಎತ್ತರದಲ್ಲಿ ರನ್‌ವೇ ಸಮೀಪಿಸಿತ್ತು. ಯಂತ್ರ ಎಚ್ಚರಿಸಿತು, ಮತ್ತೆ ಮೇಲೇರುವಂತೆ ಸಹಪೈಲಟ್ ಹೇಳಿದರು. ಆದರೂ ಕ್ಯಾಪ್ಟನ್ ಇಳಿಕೆ ಮುಂದುವರಿಸಿದರು. 158 ಮಂದಿ ಮೃತಪಟ್ಟರು.

ಆದ್ದರಿಂದ ಗಾಳಿಯ ದಿನ ವಿಮಾನ ಇಳಿಯದೆ ಮತ್ತೆ ಮೇಲೇರಿದರೆ ಪ್ರಯಾಣಿಕರು ಗಾಬರಿಪಡಬೇಕಿಲ್ಲ. ಯಂತ್ರವಿರಲಿ, ಪೈಲಟ್ ಇರಲಿ, ಸಂದೇಹ ಬಂದಾಗ ಸುರಕ್ಷಿತ ದಾರಿ ಅದೇ.