ಲೇಖನಿ ಹಿಡಿದವರು ಯಾರು?

ಮಧ್ಯಾಹ್ನದ ಕೆಲಸ ಮುಗಿಸಿ ನಾವು ಕೈಗೆತ್ತಿಕೊಳ್ಳುವ ಪುಸ್ತಕಕ್ಕೆ ‘ಕಾದಂಬರಿ’ ಎಂಬ ಹೆಸರು ಬಂದದ್ದು ಏಳನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಕಥೆಯಿಂದ. ಅದರ ನಾಯಕಿಯ ಹೆಸರೇ ನಮ್ಮಲ್ಲಿ ಒಂದು ಸಾಹಿತ್ಯ ಪ್ರಕಾರದ ಹೆಸರಾಗಿ ನಿಂತಿತು. ಆದರೆ ಬಾಣ ಆ ಕಥೆಯನ್ನು ಮುಗಿಸದೆಯೇ ತೀರಿಕೊಂಡ. ಉಳಿದ ಭಾಗ ಬರೆದವನು ಅವನ ಮಗ. ಕಾವ್ಯ ಅರ್ಧಕ್ಕೆ ನಿಂತಿತಲ್ಲ ಎಂದು ಸಜ್ಜನರು ದುಃಖಪಡುವುದನ್ನು ಕಂಡು ಇದಕ್ಕೆ ಕೈ ಹಾಕಿದೆನೇ ಹೊರತು ಕವಿಯೆಂಬ ಹೆಮ್ಮೆಯಿಂದಲ್ಲ ಎಂದು ಆ ಮಗ ವಿನಯದಿಂದ ಹೇಳಿಕೊಂಡಿದ್ದಾನೆ. ಹಾಗೆ ನೋಡಿದರೆ ‘ಕಾದಂಬರಿ’ ಎಂಬ ಮಾತಿನ ಹುಟ್ಟಿನಲ್ಲೇ ಇಬ್ಬರು ಲೇಖಕರಿದ್ದಾರೆ!

ಅಲ್ಲಿ ಪಾಲು ಹಂಚುವುದು ಕಷ್ಟವಲ್ಲ. ಪೂರ್ವಭಾಗ ಅಪ್ಪನದು, ಉತ್ತರಭಾಗ ಮಗನದು. ನಮ್ಮ ಕುಮಾರವ್ಯಾಸನ ಭಾರತವೂ ಹಾಗೆಯೇ. ಅವನು ಬರೆದದ್ದು ಮೊದಲ ಹತ್ತು ಪರ್ವಗಳನ್ನು. ಉಳಿದವುಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಬರೆದ. ಇವೆಲ್ಲ ನಡುವೆ ಬದು ಹಾಕಿದ ಹೊಲಗಳು. ಎಲ್ಲಿ ನಿಂತರೂ ಇದು ಯಾರ ಭೂಮಿ ಎಂದು ಗೊತ್ತಾಗುತ್ತದೆ. ಆದರೆ ಇಬ್ಬರು ಒಂದೇ ಮೇಜಿಗೆ ಕುಳಿತು, ಒಂದೇ ವಾಕ್ಯವನ್ನು ಇಬ್ಬರೂ ತಿದ್ದಿ, ಒಂದು ಕಾದಂಬರಿ ಬರೆದರೆ? ಆಗ ಬದು ಎಲ್ಲಿ ಹಾಕುವುದು?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವವರು ಐರ್ಲೆಂಡಿನ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು 1858ರಲ್ಲಿ ಹುಟ್ಟಿದ ಈಡಿತ್ ಸಾಮರ್‌ವಿಲ್. ಇನ್ನೊಬ್ಬಳು 1862ರಲ್ಲಿ ಹುಟ್ಟಿದ ವಯೊಲೆಟ್ ಮಾರ್ಟಿನ್. ಇಬ್ಬರ ತಾಯಂದಿರೂ ಒಬ್ಬನೇ ಅಜ್ಜನ ಮೊಮ್ಮಕ್ಕಳು. ಬಂಧುಗಳಾದರೂ ಈ ಇಬ್ಬರು ಮೊದಲ ಬಾರಿ ಮುಖ ನೋಡಿಕೊಂಡದ್ದು 1886ರ ಜನವರಿಯಲ್ಲಿ, ಕಾರ್ಕ್ ಪ್ರಾಂತದ ಕ್ಯಾಸಲ್‌ಟೌನ್‌ಷೆಂಡ್ ಎಂಬ ಕಡಲತೀರದ ಹಳ್ಳಿಯಲ್ಲಿ. ಮೂರೇ ವರ್ಷದಲ್ಲಿ, 1889ರಲ್ಲಿ, ಇಬ್ಬರೂ ಸೇರಿ ಬರೆದ ಮೊದಲ ಕಾದಂಬರಿ ಅಚ್ಚಾಯಿತು.

ಹೆಸರಿಗೆ ದೊಡ್ಡ ಮನೆತನಗಳು, ಆದರೆ ಒಳಗೆ ಹಣದ ಬಿಗಿ. ಮದುವೆಯಾಗದೆ ಉಳಿದ ಹೆಣ್ಣುಮಕ್ಕಳ ಹೊತ್ತು ಎಲ್ಲರ ಹೊತ್ತೂ ಹೌದಲ್ಲವೇ? ನೆಂಟರು ಬಂದರೆ ಅವರೇ ಏಳಬೇಕು, ಮನೆಯ ಲೆಕ್ಕಪತ್ರಕ್ಕೂ ಅವರೇ ಬೇಕು. ಅವರ ಬರವಣಿಗೆ ಮನೆಯವರ ಕಣ್ಣಿಗೆ ಒಂದು ತಮಾಷೆ. ಮನೆತನದ ಹೆಸರು ಕಥೆಪುಸ್ತಕದ ಮೇಲೆ ಬರುವುದು ಈಡಿತ್‌ಳ ತಾಯಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಮೊದಲ ಮುದ್ರಣಕ್ಕೆ ಈಡಿತ್ ತನ್ನ ವಂಶದ ಹಿಂದಿನ ಒಬ್ಬ ಅಜ್ಜಿಯ ಹೆಸರನ್ನು ಎರವಲು ಪಡೆದಳು. ವಯೊಲೆಟ್ ‘ಮಾರ್ಟಿನ್ ರಾಸ್’ ಆದಳು. ರಾಸ್ ಎಂಬುದು ಗಾಲ್ವೇ ಪ್ರಾಂತದ ಅವಳ ತವರಿನ ಹೆಸರು. ಮುಂದೆ ‘ಸಾಮರ್‌ವಿಲ್ ಮತ್ತು ರಾಸ್’ ಎಂದೇ ಇಬ್ಬರೂ ಹೆಸರಾದರು.

ಪುಸ್ತಕಗಳು ಓಡತೊಡಗಿದ ಮೇಲೆ ಒಂದು ಪ್ರಶ್ನೆ ಅವರ ಬೆನ್ನು ಹತ್ತಿತು. ನಿಮ್ಮಿಬ್ಬರಲ್ಲಿ ಲೇಖನಿ ಹಿಡಿಯುವವರು ಯಾರು? ಈ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ ಎಂದು ನನಗನ್ನಿಸುತ್ತದೆ. ನಿಜವಾದ ಲೇಖಕಿ ಯಾರು, ಜೊತೆಗಿದ್ದವಳು ಯಾರು ಎಂಬುದು ಅದು. 1917ರಲ್ಲಿ ಬಂದ ತನ್ನ ನೆನಪುಗಳ ಪುಸ್ತಕದಲ್ಲಿ ಈಡಿತ್ ಇದಕ್ಕೆ ಉತ್ತರ ಕೊಟ್ಟಳು. ಮೊದಲು ಮಾತು, ಆಮೇಲೆ ಬರಹ. ಒಬ್ಬಳು ಒಂದು ವಾಕ್ಯ ಮುಂದಿಟ್ಟರೆ ಇನ್ನೊಬ್ಬಳು ವಾದಿಸುವಳು, ತಿದ್ದುವಳು. ಒಪ್ಪಿಗೆಯಾದ ಮೇಲೆ ಅದು ಕಾಗದಕ್ಕೆ ಇಳಿಯುವುದು. ಆ ಹೊತ್ತಿಗೆ ಲೇಖನಿ ಯಾರ ಕೈಯಲ್ಲಿತ್ತು ಎಂಬುದು ಆಕಸ್ಮಿಕವಷ್ಟೇ.

ಇದನ್ನು ನಂಬಬೇಕೇ? ವಿದ್ವಾಂಸರು ಒಬ್ಬರ ಮಾತನ್ನೇ ನಂಬಿ ಸುಮ್ಮನಾಗುವವರಲ್ಲ. ಅವರ ದಿನಚರಿಗಳು, ಕಾಗದಪತ್ರಗಳು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿವೆ. ಇಬ್ಬರ ಪತ್ರಗಳ ಒಂದು ಸಂಕಲನ 1989ರಲ್ಲಿ ಅಚ್ಚಾಗಿದೆ. ಆದರೆ ಕೈಬರಹ ಕೊಡುವ ಸಾಕ್ಷ್ಯ ಅರ್ಧದ್ದು. ಅಕ್ಷರ ಈಡಿತ್‌ಳದಿರಬಹುದು, ಮಾತು ವಯೊಲೆಟ್‌ಳದಿರಬಹುದು. ಅಜ್ಜಿ ಹೇಳಿ ಮೊಮ್ಮಗಳು ಬರೆದುಕೊಟ್ಟ ಕಾಗದ ಅಜ್ಜಿಯದೇ ಅಲ್ಲವೇ?

ಪದಗಳನ್ನು ಎಣಿಸುವ ವಿಧಾನವೂ ಒಂದಿದೆ. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787–88ರಲ್ಲಿ ಮೂವರು ಒಂದೇ ಗುಪ್ತನಾಮದಲ್ಲಿ 85 ಲೇಖನಗಳನ್ನು ಬರೆದಿದ್ದರು. ಅವುಗಳಲ್ಲಿ 12 ಹ್ಯಾಮಿಲ್ಟನ್‌ದೋ ಮ್ಯಾಡಿಸನ್‌ದೋ ಎಂದು ವಾದವಿತ್ತು. ಮಾಸ್ಟೆಲ್ಲರ್ ಮತ್ತು ವ್ಯಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು ದೊಡ್ಡ ದೊಡ್ಡ ಪದಗಳನ್ನು ಬಿಟ್ಟು ಯಾರೂ ಗಮನಿಸದ ಚಿಲ್ಲರೆ ಪದಗಳನ್ನು ಎಣಿಸಿದರು. ‘ಅಪಾನ್’ ಎಂಬ ಪದ ಹ್ಯಾಮಿಲ್ಟನ್‌ಗೆ ಬಾಯಿಪಾಠ, ಮ್ಯಾಡಿಸನ್ ಬರಹದಲ್ಲಿ ಅಪರೂಪ. 1964ರಲ್ಲಿ ಅವರು ಕೊಟ್ಟ ತೀರ್ಮಾನ, ಹನ್ನೆರಡೂ ಮ್ಯಾಡಿಸನ್‌ನವು ಎಂದು. ಜಾಣ ಕೆಲಸವೇ. ಆದರೆ ಅಲ್ಲಿ ಒಂದೊಂದು ಲೇಖನಕ್ಕೂ ಒಬ್ಬೊಬ್ಬನೇ ಲೇಖಕ ಎಂದು ಇಟ್ಟುಕೊಂಡು ಲೆಕ್ಕ ಹಾಕಬಹುದಿತ್ತು. ಒಂದೇ ವಾಕ್ಯದ ಮೊದಲರ್ಧ ಒಬ್ಬಳ ಬಾಯಿಂದ, ಕೊನೆಯರ್ಧ ಇನ್ನೊಬ್ಬಳ ಬಾಯಿಂದ ಬಂದಿದ್ದರೆ ಆ ತಕ್ಕಡಿ ಏನು ತೂಗೀತು?

1894ರಲ್ಲಿ ಬಂದ ‘ದಿ ರಿಯಲ್ ಷಾರ್ಲೆಟ್’ ಅವರ ಅತ್ಯುತ್ತಮ ಕಾದಂಬರಿ ಎಂದು ಹೆಸರಾಗಿದೆ. ರೂಪವಿಲ್ಲದ, ಬುದ್ಧಿವಂತೆಯಾದ, ಆಸೆಬುರುಕಿಯಾದ ಷಾರ್ಲೆಟ್ ಒಂದು ಕಡೆ. ಚೆಲುವೆಯಾದ, ಮುಂದಾಲೋಚನೆಯಿಲ್ಲದ ಹುಡುಗಿ ಫ್ರಾನ್ಸಿ ಇನ್ನೊಂದು ಕಡೆ. ಕೊನೆಗೆ ಫ್ರಾನ್ಸಿ ಕುದುರೆಯಿಂದ ಬಿದ್ದು ಸಾಯುತ್ತಾಳೆ. ಅವಳನ್ನು ಸಾಯಿಸುವಾಗ ತಮಗಾದ ಸಂಕಟವನ್ನು ಈಡಿತ್ ಬಹಳ ವರ್ಷಗಳಾದ ಮೇಲೂ ನೆನೆದಿದ್ದಾಳೆ. ಆ ಸಂಕಟವನ್ನು ಇಬ್ಬರ ಹೆಸರಿಗೂ ಅರ್ಧರ್ಧ ಬರೆಯಲು ಬರುತ್ತದೆಯೇ?

ಪಾಲು ಹಂಚಹೊರಟವರಿಗೆ ಇನ್ನೂ ಒಂದು ತೊಡಕಿದೆ. ಸಂತೆಯಲ್ಲಿ, ಹಿತ್ತಿಲಲ್ಲಿ, ದಾರಿಯಲ್ಲಿ ಕೇಳಿದ ಹಳ್ಳಿಯವರ ಮಾತುಗಳನ್ನು ಇವರಿಬ್ಬರೂ ಬರೆದಿಟ್ಟುಕೊಳ್ಳುತ್ತಿದ್ದರು. ಅವರ ಕಥೆಗಳ ಜೀವವೇ ಆ ಆಡುಮಾತು. ಹಾಗಾದರೆ ಹೆಸರಿಲ್ಲದ ಆ ಅಡುಗೆಯವಳ, ಆ ಕುದುರೆಯಾಳಿನ ಪಾಲು ಎಷ್ಟು? ಇಬ್ಬರ ನಡುವೆ ಗೆರೆ ಎಳೆಯಲು ಹೋದವರು ಈ ಮೂರನೆಯವರನ್ನು ಮರೆತೇಬಿಡುತ್ತಾರೆ.

ವಯೊಲೆಟ್ 1898ರಲ್ಲಿ ಕುದುರೆಯಿಂದ ಬಿದ್ದು ಬಹುಕಾಲ ನರಳಿದಳು. 1915ರ ಡಿಸೆಂಬರಿನಲ್ಲಿ ಕಾರ್ಕ್ ನಗರದಲ್ಲಿ ತೀರಿಕೊಂಡಳು. ಈಡಿತ್ ಬರವಣಿಗೆ ನಿಲ್ಲಿಸಲಿಲ್ಲ. ಮುಂದಿನ ಪುಸ್ತಕಗಳ ಮೇಲೂ ಎರಡು ಹೆಸರುಗಳನ್ನು ಹಾಕಿಸಿದಳು. ಸತ್ತವಳೊಡನೆ ತನಗೆ ಇನ್ನೂ ಮಾತುಕತೆಯಿದೆ ಎಂಬುದು ಅವಳ ನಂಬಿಕೆ. ಅದನ್ನು ಕೇಳಿ ನಗುವವರು ನಗಬಹುದು. ಆದರೆ 1925ರ ‘ದಿ ಬಿಗ್ ಹೌಸ್ ಆಫ್ ಇನ್ವರ್’ ಕಾದಂಬರಿಯನ್ನು ನೋಡಿ. ಹಾಳುಬಿದ್ದ ಒಂದು ದೊಡ್ಡ ಮನೆಯನ್ನು ಕಂಡು ಬಂದ ವಯೊಲೆಟ್ 1912ರಲ್ಲಿ ಈಡಿತ್‌ಗೆ ಒಂದು ಪತ್ರ ಬರೆದಿದ್ದಳು. ಆ ಪತ್ರವೇ ಈ ಕಾದಂಬರಿಯ ಬೀಜ. ಬರೆದ ಕೈ ಪೂರ್ತಿ ಈಡಿತ್‌ಳದು, ಆದರೂ ಎರಡನೆಯ ಹೆಸರು ಸುಳ್ಳಲ್ಲ. ದೆವ್ವಭೂತಗಳನ್ನು ನಂಬದವರೂ ಆ ಪತ್ರವನ್ನು ನಂಬಲೇಬೇಕು. ವಯೊಲೆಟ್ ಇಲ್ಲದೆ ಈಡಿತ್‌ಗೆ ಬರೆಯಲಾಗದು ಎಂದುಕೊಂಡವರಿಗೂ ಅದೇ ಪುಸ್ತಕದಲ್ಲಿ ಉತ್ತರವಿದೆ.

ಹಾಗೆಂದು ಯಾರದು ಎಷ್ಟು ಎಂದು ಕೇಳುವುದೇ ತಪ್ಪು ಎಂದು ನಾನು ಹೇಳಲಾರೆ. ಕೇಳದೆ ಬಿಟ್ಟದ್ದರಿಂದಲೇ ಎಷ್ಟೋ ಹೆಂಗಸರ ದುಡಿಮೆ ಗಂಡನ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಕರಗಿಹೋಗಿದೆ. ಪತ್ರ ಹುಡುಕಬೇಕು, ಕರಡು ನೋಡಬೇಕು, ಪದ ಎಣಿಸಬೇಕು. ಆದರೆ ಕೇಳುವವರ ಮನಸ್ಸು ಯಾವುದು ಎಂಬುದೂ ಮುಖ್ಯ. ಮರೆತ ಒಂದು ಹೆಸರನ್ನು ಸೇರಿಸಲು ಕೇಳಿದರೆ ಅದು ನ್ಯಾಯ. ಇರುವ ಎರಡರಲ್ಲಿ ಒಂದನ್ನು ಅಳಿಸಲು ಕೇಳಿದರೆ ಅದು ಬರೀ ದಾಯಾದಿ ಜಗಳ.

ಈಡಿತ್ 1949ರಲ್ಲಿ, 91ರ ವಯಸ್ಸಿನಲ್ಲಿ ತೀರಿಕೊಂಡಳು. ಕ್ಯಾಸಲ್‌ಟೌನ್‌ಷೆಂಡ್‌ನ ಚರ್ಚಿನ ಅಂಗಳದಲ್ಲಿ ಇಬ್ಬರ ಸಮಾಧಿಗಳೂ ಅಕ್ಕಪಕ್ಕದಲ್ಲಿವೆ. ಅಲ್ಲಿ ಬೇರೆ ಬೇರೆಯಾದರೂ ಪುಸ್ತಕದ ಹೊದಿಕೆಯ ಮೇಲೆ ಅವರು ಇನ್ನೂ ಒಟ್ಟಿಗೇ ಇದ್ದಾರೆ.