ದಿನದ ಪದಬಂಧ: ಬಿಡಿಸುವ ಬಗೆ ಮತ್ತು ಜಾತ್ರೆಯ ಪದಬಂಧದ ಉತ್ತರ–ವಿವರಣೆ



ನಮ್ಮ ಪುಟದಲ್ಲಿ ದಿನಕ್ಕೊಂದು ಪದಬಂಧ ಹಾಕಲು ಆರಂಭಿಸಿದ ಮೇಲೆ ಕಂದಲಗಾಂವ, ಅಕ್ಕಲಕೋಟ, ಮೈಂದರ್ಗಿ, ದುಧನಿ, ಸೊಲ್ಲಾಪುರ ಕಡೆಯಿಂದ ಎರಡು ಬಗೆಯ ಪ್ರಶ್ನೆಗಳು ಬರುತ್ತಿವೆ. ಹಿರಿಯರು ಕೇಳುವುದು: “ಶಬ್ದ ಗೊತ್ತದ, ಆದರ ಮನ್ಯಾಗ ಹ್ಯಾಂಗ ಕೂಡಸೋದು?” ಮಕ್ಕಳು ಕೇಳುವುದು: “ಅಕ್ಷರ ಬರತಾವ, ಆದರ ಶಬ್ದನ ಗೊತ್ತಿಲ್ಲ.” ಇಬ್ಬರಿಗೂ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಟಿಪ್ಪಣಿಯನ್ನು ಸಿದ್ಧಪಡಿಸಿದ್ದೇವೆ. ಸಂಕ್ರಾಂತಿ ಜಾತ್ರೆಯ ವಿಷಯದ ಒಂದು ಚಿಕ್ಕ ಪದಬಂಧವನ್ನು ಉದಾಹರಣೆಯಾಗಿ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ತೋರಿಸಿದೆ. ಇದನ್ನು ತೆಗೆದಿಟ್ಟುಕೊಂಡರೆ ಮುಂದೆಯೂ ಉಪಯೋಗಕ್ಕೆ ಬಂದೀತು.

1. ಪದಬಂಧ ಬಂದ ದಾರಿ

ಈಗಿನ ರೂಪದ ಪದಬಂಧಕ್ಕೆ ನೂರು ವರ್ಷ ದಾಟಿದೆ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ವಜ್ರದಾಕಾರದ ಒಂದು ಶಬ್ದದಾಟ ಪ್ರಕಟಿಸಿದರು. ಅದೇ ಮುಂದೆ ಚೌಕವಾಗಿ ಎಲ್ಲ ಭಾಷೆಗಳಿಗೂ ಹರಡಿತು. ನಮ್ಮ ಕಡೆ ಮನೆಗೆ ಬರುವ ಮರಾಠಿ ಪತ್ರಿಕೆಗಳಲ್ಲಿ ಇದಕ್ಕೆ ‘ಶಬ್ದಕೋಡೆ’ ಎನ್ನುತ್ತಾರೆ. ಕನ್ನಡದಲ್ಲಿ ಪದಬಂಧ.

ಹೆಸರಿನಲ್ಲಿರುವ ‘ಬಂಧ’ ನಮಗೆ ಹೊಸದಲ್ಲ. ಅಕ್ಷರಗಳನ್ನು ಪದ್ಮ, ಚಕ್ರ, ಮುರಜದ ಆಕಾರದಲ್ಲಿ ಜೋಡಿಸುವ ಚಿತ್ರಕವಿತ್ವ ಹಳೆಯ ಕವಿಗಳಿಗೆ ಗೊತ್ತಿತ್ತು. ‘ಸಿರಿಭೂವಲಯ’ದಲ್ಲಿ ಅಡ್ಡಕ್ಕೆ 27, ಉದ್ದಕ್ಕೆ 27 ಮನೆಗಳ ಚೌಕದಲ್ಲಿ ಅಕ್ಷರಗಳ ಬದಲು ಅಂಕೆಗಳನ್ನೇ ತುಂಬಿದ್ದಾರೆ. ಇನ್ನು ಸುಳಿವು ಎಂಬುದಂತೂ ನಮ್ಮ ಅಜ್ಜಿಯರ ಒಗಟಿನ ತಂಗಿ. ಹೇಳದೆ ಹೇಳುವುದು ಎರಡರ ಗುಣವೂ ಹೌದು.

ಕನ್ನಡದಲ್ಲಿ ಈ ಕೆಲಸವನ್ನು ವ್ರತದಂತೆ ಮಾಡಿದವರಲ್ಲಿ ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ.ನ. ಪ್ರಹ್ಲಾದ ರಾವ್ ಅವರ ಹೆಸರು ದೊಡ್ಡದು. ಸಾವಿರ ಸಾವಿರ ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆ ಪುಸ್ತಕದಲ್ಲಿ ಸೇರಿದವರು. ಬರೀ ಸಿನಿಮಾ ವಿಷಯದ ಮೇಲೆಯೇ ಪದಬಂಧ ಕಟ್ಟಿದವರು. ಹೀಗೆ ಒಂದೇ ವಿಷಯದ ಸುತ್ತ ಕಟ್ಟಿದ್ದನ್ನು ‘ವಿಷಯ ಪದಬಂಧ’ ಎನ್ನಬಹುದು. ಅದರ ಅನುಕೂಲವೆಂದರೆ ಒಂದು ಶಬ್ದ ಹೊಳೆದರೆ ಉಳಿದವು ಯಾವ ಊರಿನವು, ಯಾವ ಓಣಿಯವು ಎಂಬ ಅಂದಾಜು ಸಿಗುತ್ತದೆ.

2. ಮನೆ ತುಂಬುವ ನಿಯಮಗಳು

ಒಂದು ಮನೆಗೆ ಒಂದು ಪೂರ್ಣಾಕ್ಷರ. ಗುಣಿತ, ಒತ್ತು ಎಲ್ಲ ಅದೇ ಮನೆಯಲ್ಲಿ. ‘ಅಕ್ಕಲಕೋಟ’ ಎಂದರೆ ಅ, ಕ್ಕ, ಲ, ಕೋ, ಟ, ಐದು ಮನೆ.

ಸೊನ್ನೆಗೆ ಬೇರೆ ಮನೆ ಇಲ್ಲ. ಅದು ಹಿಂದಿನ ಅಕ್ಷರದ ಜೊತೆಗೇ ಇರುತ್ತದೆ. ‘ಸಂಗಮ’ ಎಂದರೆ ಸಂ, ಗ, ಮ, ಮೂರು.

ಅರ್ಕಾವೊತ್ತು ಮುಂದಿನ ಅಕ್ಷರಕ್ಕೆ ಸೇರಿದ್ದು. ‘ಮೈಂದರ್ಗಿ’ ಎಂದರೆ ಮೈಂ, ದ, ರ್ಗಿ, ಮೂರು.

ಶಬ್ದದ ಕೊನೆಗೆ ಅರ್ಧಾಕ್ಷರ ಬಂದರೆ ನಮ್ಮ ಪದಬಂಧದಲ್ಲಿ ಅದಕ್ಕೆ ಸ್ವಂತ ಮನೆ. ‘ಬಸ್’ ಎಂದರೆ ಬ, ಸ್, ಎರಡು.

ಅಡ್ಡ ಮತ್ತು ಉದ್ದದ ಶಬ್ದಗಳು ಕೂಡುವ ಮನೆಯಲ್ಲಿ ಅಕ್ಷರ ತಂತೋತಂತು ಒಂದೇ ಇರಬೇಕು. ‘ರ’ ಇದ್ದಲ್ಲಿ ‘ರಾ’ ನಡೆಯುವುದಿಲ್ಲ.

ಗಡಿಭಾಗದ ನಮಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಮರಾಠಿ ಬರವಣಿಗೆಯಲ್ಲಿ ಎ–ಏ, ಒ–ಓ ಎಂಬ ಭೇದವಿಲ್ಲ. ಒಂದೇ ಅಕ್ಷರ ಎರಡಕ್ಕೂ ಸಾಲುತ್ತದೆ. ಮರಾಠಿ ಶಾಲೆಯಲ್ಲಿ ಓದುವ ಮಕ್ಕಳು ಕನ್ನಡ ಬರೆಯುವಾಗ ಎಡವುವುದು ಹೆಚ್ಚಾಗಿ ಇಲ್ಲೇ. ‘ಬೆರೆ’ ಎಂದರೆ ಕೂಡು, ‘ಬೇರೆ’ ಎಂದರೆ ಅಗಲಿದ್ದು. ‘ಕೊಡು’ ಎಂದರೆ ನೀಡು, ‘ಕೋಡು’ ಎಂದರೆ ಎತ್ತಿನ ತಲೆಯ ಮೇಲಿನದು. ಒಂದು ದೀರ್ಘದಲ್ಲಿ ಅರ್ಥ ತಿರುಗಿ ನಿಲ್ಲುತ್ತದೆ. ಮನೆಯಲ್ಲಿ ಹಿರಿಯರು ಶಬ್ದವನ್ನು ಜೋರಾಗಿ ಹೇಳಲಿ, ಮಕ್ಕಳು ಕೇಳಿಸಿಕೊಂಡು ಬರೆಯಲಿ. ಕಿವಿಗೆ ಗೊತ್ತಿರುವ ಭೇದ ಕೈಗೆ ಬರಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನೊಂದು ಮಾತು. ನಾವು ಮನೆಯಲ್ಲಿ ಎಣ್ಣಿ, ಮನಿ, ತೆನಿ ಎನ್ನುತ್ತೇವೆ; ಪುಸ್ತಕದಲ್ಲಿ ಎಣ್ಣೆ, ಮನೆ, ತೆನೆ. ಪದಬಂಧದಲ್ಲಿ ಪುಸ್ತಕದ ರೂಪವೇ ಲೆಕ್ಕಕ್ಕೆ. ಮನೆಯ ರೂಪ ಬೇಕಾದಾಗ ಸುಳಿವಿನ ಮುಂದೆ ‘ಆಡುಮಾತು’ ಎಂದು ಬರೆದಿರುತ್ತೇವೆ.

3. ಜಾತ್ರೆಯ ಪದಬಂಧ

ಅಂಕೆ ಇರುವಲ್ಲಿ ಶಬ್ದ ಶುರು. ಕಪ್ಪು ಮನೆ ಖಾಲಿ.

1 □ 2 ■ ■
□ ■ □ ■ 3
■ ■ □ ■ □
4 □ □ □ □
□ ■ ■ ■ ■

ಎಡದಿಂದ ಬಲಕ್ಕೆ:
1. ಹುಡುಕಿದರೆ ಸಿಗುವ ರಾಜನ ಮಡದಿ (3)
4. ಅರವತ್ತೆಂಟು ಲಿಂಗಗಳಿಗೆ ಆಗುವುದು. ಮರಾಠಿ ಸುದ್ದಿಯಲ್ಲೂ ಕನ್ನಡವಾಗಿಯೇ ಉಳಿದ ಸ್ನಾನ (5)

ಮೇಲಿನಿಂದ ಕೆಳಕ್ಕೆ:
1. ಸ್ವಾಮಿ ಸಮರ್ಥರ ಊರಿನ ಬಾಗಿಲಲ್ಲೇ ನಿಂತ ಹಿರಿಯ ಸೋದರಿ (2)
2. ಕೆರೆ ಕಟ್ಟಿಸಿದ ಶರಣ. ರಾಘವಾಂಕನ ಕಾವ್ಯದ ನಾಯಕ (4)
3. ಕೊಟ್ಟರೆ ಉಳಿಸಿಕೊಳ್ಳಬೇಕು, ವ್ಯಾಕರಣದಲ್ಲಿ ಏಕವೂ ಉಂಟು, ಬಹುವೂ ಉಂಟು (3)
4. ಬೆಲ್ಲದ ಜೊತೆಗಾರ, ಒಂದು ಅಮಾವಾಸ್ಯೆಗೂ ಇದರದೇ ಹೆಸರು (2)

ಮುಂದಿನ ಭಾಗ ಓದುವ ಮೊದಲು ಒಮ್ಮೆ ಪ್ರಯತ್ನಿಸಿ ನೋಡಿರಿ.

4. ಬಿಡಿಸುವ ಕ್ರಮ

ಮೊದಲ ನಂಬರಿನಿಂದಲೇ ಶುರು ಮಾಡಬೇಕೆಂಬ ಕಟ್ಟಳೆ ಇಲ್ಲ. ಸಂಶಯವಿಲ್ಲದ ಸುಳಿವಿನಿಂದ ಶುರು ಮಾಡುವುದು ಲೇಸು.

ಮೇಲಿನಿಂದ 3: ವ್ಯಾಕರಣದ ಏಕ, ಬಹು ಎಂದ ಕೂಡಲೇ ‘ವಚನ’. ಕೊಟ್ಟ ಮಾತೂ ವಚನವೇ, ಶರಣರ ನುಡಿಯೂ ವಚನವೇ. ವಿಷಯ ಜಾತ್ರೆಯದಾದ್ದರಿಂದ ಮೂರನೆಯ ಅರ್ಥ ಸುಳಿವಿನಲ್ಲಿ ಇಲ್ಲದಿದ್ದರೂ ಉತ್ತರ ಸರಿ ಎಂದು ಬೆನ್ನು ತಟ್ಟುತ್ತದೆ.

ಮೇಲಿನಿಂದ 4: ಸಂಕ್ರಾಂತಿಯಲ್ಲಿ ಬೆಲ್ಲದ ಜೊತೆ ಇರುವುದು, ಎಳ್ಳಮಾವಾಸ್ಯೆಗೆ ಹೆಸರು ಕೊಟ್ಟಿರುವುದು ‘ಎಳ್ಳು’. ಮರಾಠಿಯ ‘ತೀಳ’ ಬಾಯಿಗೆ ಬಂದರೂ ಅಮಾವಾಸ್ಯೆಯ ಹೆಸರು ನಮ್ಮನ್ನು ಕನ್ನಡಕ್ಕೆ ತಿರುಗಿಸುತ್ತದೆ.

ಮೇಲಿನಿಂದ 1: ಇದು ಅಡಗಿಸಿಟ್ಟ ಸುಳಿವು. ಸ್ವಾಮಿ ಸಮರ್ಥರ ಊರು ಅಕ್ಕಲಕೋಟ. ಊರಿನ ಬಾಗಿಲು ಎಂದರೆ ಹೆಸರಿನ ಮೊದಲ ಅಕ್ಷರಗಳು. ಅಲ್ಲಿ ನಿಂತವಳು ‘ಅಕ್ಕ’. ಮನೆಯಲ್ಲಿ ‘ತಾಈ’ ಎಂದು ಕರೆಯುವ ಮಕ್ಕಳು ಅದನ್ನೇ ಬರೆಯಲು ಹೋದರೆ ಊರ ಹೆಸರೇ ತಡೆಯುತ್ತದೆ.

ಎಡದಿಂದ 1: ಈಗ ಮೊದಲ ಅಕ್ಷರ ‘ಅ’ ಸಿಕ್ಕಿತು. ರಾಜನ ಮಡದಿ ‘ರಾಣಿ’ ಎಂದರೆ ಎರಡೇ ಮನೆ ತುಂಬುತ್ತವೆ, ಮೊದಲ ಅಕ್ಷರವೂ ಕೂಡುವುದಿಲ್ಲ. ‘ಅರಸು’ ಎಂದರೆ ರಾಜ, ಅರಸು ಎಂದರೆ ಹುಡುಕು ಕೂಡ. ಆದ್ದರಿಂದ ‘ಅರಸಿ’: ರಾಣಿಯೂ ಹೌದು, ‘ಹುಡುಕಿ’ ಎಂದೂ ಹೌದು. ಒಂದು ಶಬ್ದದ ಎರಡು ಅರ್ಥ ಹಿಡಿದು ಕಟ್ಟುವ ಇಂಥ ಸುಳಿವುಗಳಲ್ಲಿ ಸಾಮಾನ್ಯವಾಗಿ ಒಂದು ಅರ್ಥ ಎದುರಿಗೆ, ಇನ್ನೊಂದು ಪಡದೆಯ ಹಿಂದೆ ಇರುತ್ತದೆ.

ಮೇಲಿನಿಂದ 2: ಮೊದಲ ಅಕ್ಷರ ‘ಸಿ’ ಎಂದು ಈಗ ಗೊತ್ತು. ಸೊಲ್ಲಾಪುರದವರ ಬಾಯಿಗೆ ತಟ್ಟನೆ ಬರುವುದು ‘ಸಿದ್ಧೇಶ್ವರ’. ಎಣಿಸಿದರೆ ಅದೂ ನಾಲ್ಕೇ ಅಕ್ಷರ: ಸಿ, ದ್ಧೇ, ಶ್ವ, ರ. ‘ಸಿದ್ಧರಾಮ’ವೂ ನಾಲ್ಕು: ಸಿ, ದ್ಧ, ರಾ, ಮ. ಇಂಥ ಕಡೆ ಪೆನ್ನು ಬಿಟ್ಟು ಪೆನ್ಸಿಲ್ ಹಿಡಿಯಬೇಕು. ರಾಘವಾಂಕನ ಕಾವ್ಯದ ಹೆಸರು ‘ಸಿದ್ಧರಾಮ ಚಾರಿತ್ರ’ ಎಂದು ಬಲ್ಲವರಿಗೆ ಇಲ್ಲೇ ತೀರ್ಮಾನ. ಬಲ್ಲದವರಿಗೆ ಮುಂದಿನ ಶಬ್ದ ತೀರ್ಮಾನ ಹೇಳುತ್ತದೆ.

ಎಡದಿಂದ 4: ಕೈಯಲ್ಲಿರುವುದು ‘ಎ’ ಮತ್ತು ‘ನ’, ನಡುವೆ ‘ಮ’ ಅಥವಾ ‘ರ’. ಅರವತ್ತೆಂಟು ಲಿಂಗಗಳಿಗೆ ಆಗುವ ಸ್ನಾನ ‘ಎಣ್ಣೆಮಜ್ಜನ’. ನಡುವಿನ ಅಕ್ಷರ ‘ಮ’. ಹಾಗಾಗಿ ಮೇಲಿನದು ಸಿದ್ಧರಾಮನೇ ಸರಿ. ಗೊತ್ತಿರುವುದು ಗೊತ್ತಿಲ್ಲದ್ದಕ್ಕೆ ಕೈ ಹಿಡಿಯುವುದು ಎಂದರೆ ಇದೇ.

ತುಂಬಿದ ಚೌಕ:

ಅ | ರ | ಸಿ | ■ | ■
ಕ್ಕ | ■ | ದ್ಧ | ■ | ವ
■ | ■ | ರಾ | ■ | ಚ
ಎ | ಣ್ಣೆ | ಮ | ಜ್ಜ | ನ
ಳ್ಳು | ■ | ■ | ■ | ■

5. ಉತ್ತರಗಳ ಹಿಂದಿನ ಸಂಗತಿ

ಸಿದ್ಧರಾಮ: 12ನೆಯ ಶತಮಾನದ ಶರಣರು. ಸೊನ್ನಲಿಗೆ ಎಂಬುದು ಇಂದಿನ ಸೊಲ್ಲಾಪುರದ ಹಳೆಯ ಹೆಸರು. ಅವರ ವಚನಗಳ ಅಂಕಿತ ‘ಕಪಿಲಸಿದ್ಧಮಲ್ಲಿಕಾರ್ಜುನ’. ಕೆರೆ ಕಟ್ಟಿಸಿದ ಕರ್ಮಯೋಗಿ ಎಂದೇ ಅವರನ್ನು ನೆನೆಯುತ್ತಾರೆ. ಗುಡಿ ಇಂದಿಗೂ ನೀರಿನ ನಡುವೆ ಇದೆ. ರಾಘವಾಂಕ ಅವರ ಕಥೆಯನ್ನು ಷಟ್ಪದಿಯಲ್ಲಿ ಹೇಳಿದ. ನಮ್ಮ ಸೊಲ್ಲಾಪುರದಲ್ಲೇ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಅದೇ ಮಹಾನುಭಾವರ ಪುರಾಣವನ್ನು ತ್ರಿಪದಿಯಲ್ಲಿ, ಬೀಸುಕಲ್ಲಿನ ಹಾಡಿನ ಮಟ್ಟಿನಲ್ಲಿ ಬರೆದರು. 1974ರ ಮಂಡ್ಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆಯಾದರು. 1950ರಲ್ಲಿ ಆ ಸಮ್ಮೇಳನ ಸೊಲ್ಲಾಪುರದಲ್ಲೇ, ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ನಡೆದದ್ದನ್ನೂ ಮಕ್ಕಳಿಗೆ ಹೇಳಿರಿ.

ಬರೆಯುವಾಗ ‘ದ್ಧ’ ಎಂದೇ ಬರೆಯಬೇಕು, ‘ದ್ದ’ ಅಲ್ಲ.

ಎಣ್ಣೆಮಜ್ಜನ: ಈ ಪದಬಂಧದ ನಡುಗಂಬ ಇದೇ. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳು, ನಮ್ಮ ಮಾತಿನ ನಂದಿಕೋಲುಗಳು, ಮೆರವಣಿಗೆಯಲ್ಲಿ ಹೊರಟು ಊರ ಸುತ್ತಲಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಯ ಅಭಿಷೇಕ ನಡೆಯುತ್ತದೆ. ಆಮೇಲೆ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಮರಾಠಿ ಪತ್ರಿಕೆಗಳು ಇದನ್ನು ‘ಯಣ್ಣಿಮಜ್ಜನ’ ಎಂದು ಬರೆಯುತ್ತವೆ. ನಮ್ಮ ಬಾಯಲ್ಲಿ ಶಬ್ದದ ಮೊದಲಿನ ‘ಎ’ ‘ಯ’ದ ಹತ್ತಿರ ಸರಿಯುತ್ತದೆ, ಕೊನೆಯ ‘ಎ’ ‘ಇ’ ಆಗುತ್ತದೆ. ಕೇಳಿದವರು ಕೇಳಿದ ಹಾಗೆ ಬರೆದುಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ. ಒಂದು ಭಾಷೆಯ ಶಬ್ದವನ್ನು ಇನ್ನೊಂದು ಭಾಷೆ ಪ್ರೀತಿಯಿಂದ ಉಳಿಸಿಕೊಂಡಿದೆ.

ಆದರೆ ನಮ್ಮ ಮಕ್ಕಳು ಆ ಶಬ್ದವನ್ನು ಪ್ರತಿ ಜನವರಿಯಲ್ಲಿ ಕೇಳುತ್ತಾರೆ, ಮರಾಠಿಯಲ್ಲಿ ಓದುತ್ತಾರೆ. ಇದು ನಮ್ಮ ಅಡುಗೆಮನೆಯ ‘ಎಣ್ಣೆ’ ಎಂದು ಅವರಿಗೆ ಹೇಳುವವರು ಬೇಕು. ಶಬ್ದ ಬೀದಿಯಲ್ಲಿ ಬದುಕಿದ್ದೂ ಮನೆಯಲ್ಲಿ ಗುರುತು ಸಿಗದೆ ಹೋಗುವುದೆಂದರೆ ಮಗ ಊರಲ್ಲೇ ಇದ್ದೂ ಮನೆಗೆ ಬಾರದ ಹಾಗೆ. ಐದು ಮನೆಗಳಲ್ಲಿ ಐದು ಅಕ್ಷರ ಕೂಡಿಸಿದ ಮಗು ಮುಂದಿನ ಜಾತ್ರೆಯಲ್ಲಿ ಅದನ್ನು ಕೇಳಿದಾಗ ತಿರುಗಿ ನೋಡುತ್ತದೆ. ದಿನದ ಪದಬಂಧದಿಂದ ಸಂಘ ಬಯಸುವುದು ಇಷ್ಟೇ.

ಎಳ್ಳು: ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುವ ಪದ್ಧತಿ ನಮ್ಮ ಭಾಗದ್ದು. ‘ಚರಗ’ ಮೂರಕ್ಷರದ ಒಳ್ಳೆಯ ಶಬ್ದ. ಇನ್ನೊಂದು ದಿನಕ್ಕೆ ಕಾಯ್ದಿರಿಸಿದ್ದೇವೆ.

ಅಕ್ಕ: ಸ್ವಾಮಿ ಸಮರ್ಥರು 1878ರಲ್ಲಿ ಅಕ್ಕಲಕೋಟದಲ್ಲಿ ಸಮಾಧಿಸ್ಥರಾದರು. ಊರ ಹೆಸರನ್ನು ಮರಾಠಿಯಲ್ಲಿ ಬರೆದರೂ ಕನ್ನಡದಲ್ಲಿ ಬರೆದರೂ ಬಾಗಿಲಲ್ಲಿ ಅಕ್ಕ ಇದ್ದೇ ಇರುತ್ತಾಳೆ.

6. ಸದಸ್ಯರಲ್ಲಿ ವಿನಂತಿ

ಮುಂದಿನ ವಿಷಯ ‘ಜೋಳದ ಹೊಲ’. ಕೂರಿಗೆ, ಕುಂಟೆ, ರಂಟೆ, ಕಣ, ಮೇಟಿ, ಹಂತಿ, ರಾಶಿ, ಬಣವೆ, ಹಗೇವು ಇವು ನಮ್ಮ ಪಟ್ಟಿಯಲ್ಲಿ ಈಗಾಗಲೇ ಇವೆ. ಮರಾಠಿಯಲ್ಲಿ ಹುರಡಾ ಎನ್ನುವ ಎಳೆಯ ಜೋಳದ ಸುಟ್ಟ ತೆನೆಯ ಕಾಳಿಗೆ ನಮ್ಮಲ್ಲಿ ‘ಸೀತನಿ’ ಎನ್ನುತ್ತಾರೆ. ನಿಮ್ಮ ಊರಲ್ಲಿ ಬೇರೆ ಹೆಸರಿದ್ದರೆ ತಿಳಿಸಿರಿ. ಹೊಲದ ಕೆಲಸಕ್ಕೆ ಯಂತ್ರ ಬಂದಿವೆ, ಹಂತಿ ಕಟ್ಟುವುದು ನಿಂತಿದೆ. ಈ ಶಬ್ದಗಳು ಈಗ ಎಪ್ಪತ್ತು ದಾಟಿದವರ ನಾಲಿಗೆಯ ಮೇಲೆ ಮಾತ್ರ ಇವೆ. ಅವರು ಇರುವಾಗಲೇ ಬರೆದಿಟ್ಟುಕೊಳ್ಳಬೇಕು.

ಶಬ್ದ ಕಳಿಸುವವರು ಮೂರು ಸಂಗತಿ ಬರೆಯಿರಿ: ಶಬ್ದ, ಅದರ ಅರ್ಥ, ಯಾವ ಊರಿನಲ್ಲಿ ಬಳಕೆ. ಸುಳಿವನ್ನೂ ಕಟ್ಟಿ ಕಳಿಸಿದರೆ ಇನ್ನೂ ಸಂತೋಷ. ಹಿರಿಯರು ಹೇಳಿ ಮೊಮ್ಮಕ್ಕಳು ಬರೆದದ್ದಾದರೆ ಇಬ್ಬರ ಹೆಸರನ್ನೂ ಹಾಕುತ್ತೇವೆ. ಕನ್ನಡ ಅಕ್ಷರ ಬಾರದವರು ದೇವನಾಗರಿಯಲ್ಲಿ ಬರೆದರೂ ಸ್ವೀಕರಿಸುತ್ತೇವೆ. ಎ–ಏ, ಒ–ಓ ಎಲ್ಲಿ ಯಾವುದು ಎಂದು ಮಾತ್ರ ಗುರುತು ಹಾಕಿರಿ. ಉತ್ತರಗಳನ್ನು ಎಂದಿನಂತೆ ಮರುದಿನದ ಪುಟದಲ್ಲಿ ಪ್ರಕಟಿಸಲಾಗುವುದು.



— ಕಾರ್ಯದರ್ಶಿ, ಸಂಘದ ಪರವಾಗಿ