ರಾಜನಿಗೇ ಪ್ರಶ್ನೆ ಹಾಕುವ ದೂತ: ನಮ್ಮ ಮೇಳಗಳ ಹಾಸ್ಯಗಾರರು

ಪಾಣೆಮಂಗಳೂರಿನಿಂದ ಕಲ್ಲಡ್ಕದ ದಾರಿ ಹಿಡಿದರೆ ವಿಟ್ಲ. ಅದು ಹಾಸ್ಯಗಾರ ವಿಟ್ಲ ಗೋಪಾಲಕೃಷ್ಣ ಜೋಶಿಯವರ ಊರು. ನೇತ್ರಾವತಿ ದಾಟಿ ಮೂಡುಬಿದಿರೆಯ ಕಡೆ ಹೋದರೆ ಮಿಜಾರು ಸಿಗುತ್ತದೆ. ಅದು ಮಿಜಾರು ಅಣ್ಣಪ್ಪರ ಊರು. ಬೆಳ್ತಂಗಡಿ ತಾಲೂಕಿನಲ್ಲಿ ಧರ್ಮಸ್ಥಳ ಮೇಳವಿದೆ. ತೆಂಕುತಿಟ್ಟಿನ ಹಾಸ್ಯದ ಚರಿತ್ರೆ ನಮ್ಮ ಈ ಮೂರು ತಾಲೂಕುಗಳಲ್ಲಿ ದೊಡ್ಡದಾಗಿಯೇ ಹರಡಿಕೊಂಡಿದೆ.

ಆದರೂ ಆಟದ ಬಗ್ಗೆ ಬರೆಯುವಾಗ ನಾವು ಮೊದಲು ಭಾಗವತರ ಹೆಸರು ಬರೆಯುತ್ತೇವೆ. ಆಮೇಲೆ ಬಣ್ಣದ ವೇಷ, ಪುಂಡುವೇಷ, ಸ್ತ್ರೀವೇಷ. ಹಾಸ್ಯಗಾರರ ಹೆಸರು ಕೊನೆಯ ಸಾಲಿಗೆ ಹೋಗುತ್ತದೆ. 'ಹಾಸ್ಯದಲ್ಲಿ ಇಂಥವರು ರಂಜಿಸಿದರು' ಎಂದರೆ ವರದಿ ಮುಗಿಯಿತು. ಈ ಬಾರಿ ಆ ಕೊನೆಯ ಸಾಲಿನಿಂದಲೇ ಶುರು ಮಾಡೋಣ ಅಂತ ಹೊರಟಿದ್ದೇವೆ.

ಒಂದೇ ರಾತ್ರಿ, ಹಲವು ವೇಷ

ರಾಜವೇಷದವರು ಕಿರೀಟ ಕಟ್ಟಿದರೆ ಬೆಳಗಿನವರೆಗೂ ರಾಜನೇ. ಹಾಸ್ಯಗಾರರಿಗೆ ಹಾಗಲ್ಲ. ದೂತ, ಸಾರಥಿ, ವನಪಾಲಕ, ಬಡ ಬ್ರಾಹ್ಮಣ, ಅಗಸ, ಅಜ್ಜಿ, ಸೂಲಗಿತ್ತಿ, ಕೆಲವು ಕಡೆ ನಾರದ ಕೂಡ ಅವರದೇ. ರಾತ್ರಿ ಒಂದು, ವೇಷ ನಾಲ್ಕೈದು. ಪ್ರತಿ ವೇಷಕ್ಕೂ ನಡೆ ಬೇರೆ, ಸ್ವರ ಬೇರೆ, ಭಾಷೆಯ ಮಟ್ಟ ಬೇರೆ. ಸಿನಿಮಾದವರು ಪೋಷಕ ನಟ ಎನ್ನುತ್ತಾರಲ್ಲ, ಆ ಕೆಲಸವನ್ನು ನಮ್ಮ ಹಾಸ್ಯಗಾರರು ಮೊದಲಿನಿಂದಲೂ ಮಾಡಿಕೊಂಡು ಬಂದಿದ್ದಾರೆ.

ನಗಿಸುವುದಷ್ಟೇ ಇವರ ಕೆಲಸ ಅಂದುಕೊಂಡರೆ ತಪ್ಪು. 'ನಳ ದಮಯಂತಿ'ಯ ಬಾಹುಕನನ್ನು ನೋಡಿ. ರೂಪ ಕಳೆದುಕೊಂಡು ಋತುಪರ್ಣನ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ನಳ ಅವನು. ಮೊದಲು ಆ ವಕ್ರ ರೂಪ ಕಂಡು ಸಭೆ ನಗುತ್ತದೆ. ಹೆಂಡತಿ ಮಕ್ಕಳ ಸುದ್ದಿ ಬಂದಾಗ ಅದೇ ಮುಖ ನೋಡಿ ಕಣ್ಣು ಒರೆಸಿಕೊಳ್ಳುತ್ತದೆ. ಪೆರುವಡಿ ನಾರಾಯಣ ಭಟ್ಟರ ಪಾಪಣ್ಣನೂ ಇದೇ ಜಾತಿಯ ಪಾತ್ರ. 'ಪಾಪಣ್ಣ ವಿಜಯ'ದಲ್ಲಿ ಹಾಸ್ಯಗಾರನೇ ಕಥಾನಾಯಕ. ಜನ ಆ ಆಟಕ್ಕೆ ಹೋಗುತ್ತಿದ್ದದ್ದೇ ಪಾಪಣ್ಣನನ್ನು ನೋಡಲಿಕ್ಕೆ.

ಕೈ ಮುಗಿದುಕೊಂಡೇ ಕೇಳುವ ಪ್ರಶ್ನೆ

ಹಾಸ್ಯಗಾರರ ಮೂರನೇ ಕೆಲಸ ಪ್ರಶ್ನೆ ಕೇಳುವುದು. ನಮಗೆ ಮುಖ್ಯ ಅನಿಸಿದ್ದು ಇದೇ.

ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಮಾತೆಲ್ಲ ರಂಗಸ್ಥಳದಲ್ಲೇ ಹುಟ್ಟಬೇಕು. ರಾಜ ತನ್ನ ಬಲದ ಬಗ್ಗೆ ದೊಡ್ಡ ದೊಡ್ಡ ಶಬ್ದಗಳಲ್ಲಿ ಹೇಳುತ್ತಾನೆ. ಪಕ್ಕದಲ್ಲಿರುವ ದೂತ ಅದನ್ನು ಮನೆಮಾತಿಗೆ ಇಳಿಸಿ ತಿರುಗಿ ಕೇಳುತ್ತಾನೆ. ಹೀಗೆ ಇಟ್ಟುಕೊಳ್ಳಿ: 'ಮೂರು ಲೋಕ ಗೆದ್ದು ಬಂದೆ' ಎನ್ನುತ್ತಾನೆ ರಾಜ. 'ಗೆದ್ದದ್ದು ಸಂತೋಷ ಧಣಿಗಳೇ, ನಮ್ಮ ಮೂರು ತಿಂಗಳ ಸಂಬಳ ಯಾವ ಲೋಕದಲ್ಲಿ ಉಳಿಯಿತು?' ಎನ್ನುತ್ತಾನೆ ದೂತ. ಸಭೆ ನಗುತ್ತದೆ. ಆದರೆ ರಾಜ ಉತ್ತರ ಕೊಡದೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ಈ ಪ್ರಶ್ನೆಯಿಂದ ಆಟಕ್ಕೆ ಎರಡು ಲಾಭ. ಅರ್ಧ ನಿದ್ದೆಯಲ್ಲಿ ಕೂತವರಿಗೆ ಕಥೆ ಎಲ್ಲಿಗೆ ಬಂತು ಎಂದು ಗೊತ್ತಾಗುತ್ತದೆ. ಚಾಪೆಯ ಮೇಲೆ ಕೂತವರು ಕೇಳಬೇಕು ಅಂದುಕೊಂಡು ಕೇಳಲಾಗದ್ದನ್ನು ಒಬ್ಬ ಅವರ ಪರವಾಗಿ ಕೇಳಿದ ಹಾಗೂ ಆಗುತ್ತದೆ. ಈಗ ಟೀವಿಯಲ್ಲಿ ನಡೆಯುವ ಸಂದರ್ಶನದ ಕೆಲಸವೂ ಇಷ್ಟೇ ಅಲ್ಲವೇ? ದೂತ ಮಾತ್ರ ಧ್ವನಿ ಏರಿಸದೆ, ಕೈ ಮುಗಿದುಕೊಂಡೇ ಕೇಳುತ್ತಾನೆ.

ಪ್ರಶ್ನೆಗೆ ಎಷ್ಟು ಶಕ್ತಿ ಇದೆ ಎಂದು ನೋಡಲು ಮಂಥರೆ ಸಾಕು. ಅದೂ ಹಾಸ್ಯಗಾರರ ಪಾತ್ರವೇ. ಬೆನ್ನು ಗೂನು ಮಾಡಿ ಬಂದಾಗ ಮಕ್ಕಳು ನಗುತ್ತಾರೆ. ಅವಳು ಕೈಕೇಯಿಗೆ ಉಪದೇಶ ಮಾಡುವುದಿಲ್ಲ. ರಾಮ ರಾಜನಾದರೆ ನಿನ್ನ ಮಗ ಏನಾಗುತ್ತಾನೆ, ನೀನು ಯಾರ ಕೈಕೆಳಗೆ ಇರುತ್ತೀ ಎಂದು ಒಂದೊಂದಾಗಿ ಕೇಳುತ್ತಾಳೆ. ನಾಲ್ಕು ಪ್ರಶ್ನೆ ಮುಗಿಯುವಷ್ಟರಲ್ಲಿ ಅಯೋಧ್ಯೆಯ ಕಥೆಯೇ ತಿರುಗಿಬಿಡುತ್ತದೆ, ಸಭೆಯಲ್ಲಿ ನಗು ಇರುವುದಿಲ್ಲ.

ತುಳು ಬಂದ ಮೇಲೆ

ಟೆಂಟು ಮೇಳಗಳ ಕಾಲದಲ್ಲಿ ತುಳು ಪ್ರಸಂಗಗಳು ಜೋರಾದಾಗ ಹಾಸ್ಯಗಾರರ ಜಾಗ ಇನ್ನೂ ದೊಡ್ಡದಾಯಿತು. ಟಿಕೆಟು ಕೊಟ್ಟು ಒಳಗೆ ಬಂದ ಜನರಿಗೆ ತಮ್ಮ ಮನೆಯ ಮಾತೇ ರಂಗದ ಮೇಲೆ ಕೇಳಿತು. ಕರ್ನಾಟಕ ಮೇಳದಲ್ಲಿ ಅಳಿಕೆ ರಾಮಯ್ಯ ರೈ, ಬೋಳಾರ ನಾರಾಯಣ ಶೆಟ್ಟಿ, ರಾಮದಾಸ ಸಾಮಗರಂಥ ಘಟಾನುಘಟಿಗಳಿದ್ದರು. ಅವರ ಎದುರು ನಿಂತು ಮಾತಿಗೆ ಮಾತು ಕೊಟ್ಟವರು ಮಿಜಾರು ಅಣ್ಣಪ್ಪರು. ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳದವರಿಗೆ ಅಂಥಲ್ಲಿ ಒಂದು ರಾತ್ರಿಯೂ ನಿಲ್ಲಲಾಗದು.

ಈ ಪರಂಪರೆ ಈಗ ಫೋನಿಗೂ ಬಂದಿದೆ. ನಾಟಕ, ಯಕ್ಷಗಾನ, 'ಒರಿಯರ್ದೊರಿ ಅಸಲ್'ನಂಥ ತುಳು ಸಿನಿಮಾ ಎಲ್ಲ ಕಡೆ ಇರುವ ಅರವಿಂದ ಬೋಳಾರರನ್ನು ದಾಯ್ಜಿವರ್ಲ್ಡ್ ವಾಹಿನಿಯ 'ಪ್ರೈವೇಟ್ ಚಾಲೆಂಜ್'ನಲ್ಲಿ ನೀವೂ ನೋಡಿರುತ್ತೀರಿ. ಅಲ್ಲಿ ವಾಲ್ಟರ್ ನಂದಳಿಕೆ ಪ್ರಶ್ನೆ ಕೇಳುತ್ತಾರೆ, ಬೋಳಾರರು ಪ್ರತಿ ಸಲ ಹೊಸ ವೇಷದಲ್ಲಿ ಕೂತು ಉತ್ತರ ಕೊಡುತ್ತಾರೆ. ರಂಗಸ್ಥಳದ ಬದಲು ಕುರ್ಚಿ ಬಂದಿದೆ. ಊರಿನ ಸಂಗತಿಯನ್ನು ಪ್ರಶ್ನೆ ಉತ್ತರದಲ್ಲಿ ಹೊರಗೆ ಎಳೆಯುವ ಕ್ರಮ ಮಾತ್ರ ಹಳೆಯದೇ.

ಉಳಿಯುವುದು ಏನು?

ಈಗ ಕಾಲಮಿತಿಯ ಆಟಗಳು ಹೆಚ್ಚು. ಇಡೀ ರಾತ್ರಿಯ ಕಥೆಯನ್ನು ನಾಲ್ಕೈದು ಗಂಟೆಯಲ್ಲಿ ಮುಗಿಸಬೇಕು. ಆಗ ಕತ್ತರಿ ಬೀಳುವುದು ದೂತನ ಸಾವಧಾನದ ಪ್ರಶ್ನೆಗಳಿಗೆ. ಉಳಿಯುವುದು ಒಂದು ನಿಮಿಷದ ವಿಡಿಯೋಗೆ ಆಗುವ ಜೋಕು. ನಗು ಸಿಗುತ್ತದೆ, ರಾಜ ಮಾತ್ರ ಉತ್ತರ ಕೊಡದೆ ಪಾರಾಗುತ್ತಾನೆ.

ಇನ್ನೊಂದು ನಷ್ಟವೂ ಇದೆ. ಭಾಗವತರ ಪದ್ಯ ಪುಸ್ತಕದಲ್ಲಿ ಉಳಿಯುತ್ತದೆ. ಹಾಸ್ಯಗಾರರ ಮಾತು ಎಲ್ಲೂ ಬರೆದಿಲ್ಲ, ಅವರ ಜೊತೆಗೇ ಹೋಗುತ್ತದೆ. ಉಳಿದಿದ್ದರೆ ಹಳೆಯ ಕ್ಯಾಸೆಟ್ಟುಗಳಲ್ಲಿ, ಇಲ್ಲವೇ ಇಡೀ ರಾತ್ರಿ ಆಟ ನೋಡಿದ ನಿಮ್ಮ ಮನೆಯ ಹಿರಿಯರ ನೆನಪಿನಲ್ಲಿ.

ನಿಮ್ಮ ಅಟ್ಟದ ಮೇಲೆ ಅಂಥ ಕ್ಯಾಸೆಟ್ಟು ಇದ್ದರೆ ಎಸೆಯಬೇಡಿ. ಬೂಸಲು ಹಿಡಿಯುವ ಮೊದಲೇ ಅದರ ಧ್ವನಿಯನ್ನು ಫೋನಿಗೆ ಹಾಕಿಸಿಕೊಳ್ಳಿ. ಅಜ್ಜ ಅಜ್ಜಿಗೆ ನೆನಪಿರುವ ದೂತನ ಮಾತುಗಳನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡಿ, ಯಾವ ಪ್ರಸಂಗ, ಯಾರ ವೇಷ ಎಂದೂ ಹೇಳಿಸಿ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಮೇಳಗಳಿಗೆ ಬಿಡುವು. ಈ ಕೆಲಸಕ್ಕೆ ಆ ಮಳೆಗಾಲದ ತಿಂಗಳುಗಳೇ ಒಳ್ಳೆಯ ಸಮಯ.